ಡೈನೋಸಾರ್ ಹೊಟ್ಟೆಗೆ ಪ್ಲಾಸ್ಟರ್ ಸುರಿಯಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ವಿನೈಲ್, ಅಂದರೆ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಗೊಂಬೆಯ ಕಿಟ್ ಜೋಡಿಸುವುದರ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಶಿವಮೊಗ್ಗದ ಸುತ್ತಮುತ್ತ ಈ ಹುಚ್ಚು ಇರುವವನು ನಾನೊಬ್ಬನೇ ಅಂದುಕೊಂಡಿದ್ದೆ. ಹಾಗಾಗಿ ಕಾಫಿ ಆರಿಹೋದದ್ದೂ ಗೊತ್ತಾಗದೆ ಓದಿದೆ. ಬರಹ ಚೆನ್ನಾಗಿಯೇ ಇತ್ತು. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಮಾತಿತ್ತು. ಗೊಂಬೆ ಅಲುಗಾಡದೆ ನಿಲ್ಲಬೇಕಾದರೆ ಒಳಗೆ ಪೂರ್ತಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದುಬಿಡಿ, ಕಲ್ಲಿನ ಹಾಗೆ ನಿಲ್ಲುತ್ತದೆ ಅಂತ. ದಯವಿಟ್ಟು ಆ ಮಾತನ್ನು ತಿದ್ದಿ. ಹೋದ ವರ್ಷ ನಾನು ಮಾಡಿದ್ದೂ ಅದನ್ನೇ. ಪುಷ್ಯ ಮಳೆ ಹೊಡೆಯುತ್ತಿದ್ದ ಒಂದು ರಾತ್ರಿ ನನ್ನ ಡೈನೋಸಾರ್ ಮಕಾಡೆ ಬಿತ್ತು.

ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆಯೂ ಇದೆ. ಯಾಕೆಂದರೆ ಪ್ಲಾಸ್ಟರ್ ನನ್ನ ಅನ್ನ. ದುರ್ಗಿಗುಡಿಯ ಒಂದು ಡೆಂಟಲ್ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಹಲ್ಲಿನ ಸೆಟ್ ಮಾಡುತ್ತಿದ್ದೇನೆ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಇಲ್ಲವೇ ಸ್ಟೋನ್ (ಪ್ಲಾಸ್ಟರಿನದೇ ಗಟ್ಟಿ ಜಾತಿ) ಸುರಿದು ಮಾಡೆಲ್ ತೆಗೆಯುವುದು ನನ್ನ ಬೆಳಗಿನ ಮೊದಲ ಕೆಲಸ. ಎಷ್ಟು ಸಾವಿರ ಸುರಿದಿದ್ದೇನೋ ಲೆಕ್ಕವಿಲ್ಲ. ಅಂಥವನೇ ಎಡವಿದ ಮೇಲೆ ಪುರವಣಿ ಓದಿ ಹೊಸದಾಗಿ ಶುರು ಮಾಡುವವರ ಗತಿ ಏನು?

ಕಿಟ್ ಬಂದದ್ದು ನನ್ನ ತಂಗಿಯ ಮಗನಿಂದ. ಕಂಪನಿ ಕೆಲಸದ ಮೇಲೆ ಜಪಾನಿಗೆ ಹೋಗಿದ್ದ. ಬರುವಾಗ ಒಂದು ಹಗುರವಾದ ದೊಡ್ಡ ಪೆಟ್ಟಿಗೆ ತಂದ. "ಮಾವ, ನೀವು ಹಲ್ಲು ಕಟ್ಟೋರಲ್ವಾ, ಇದಕ್ಕೂ ಕಟ್ಟಿ" ಅಂದ. ಒಳಗೆ ಟಿರಾನೊಸಾರಸ್ ರೆಕ್ಸ್. ಕೆಳದವಡೆ ಬೇರೆ, ನಾಲಿಗೆ ಬೇರೆ, ಬಾಲ ಎರಡು ತುಂಡು, ಕಾಲು ಎರಡು. ಎಲ್ಲವೂ ಟೊಳ್ಳು. ಮೂತಿಯಿಂದ ಬಾಲದ ತುದಿಗೆ ಒಂದೂವರೆ ಅಡಿಗೆ ಸ್ವಲ್ಪ ಕಡಿಮೆ.

ಯಾಕೆ ಟೊಳ್ಳು ಅನ್ನುವುದು ನಿಮ್ಮ ಬರಹದಲ್ಲಿ ಇರಲಿಲ್ಲ. ಅದು ಗೊತ್ತಾದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಲೋಹದ ಅಚ್ಚಿನೊಳಗೆ ದ್ರವದ ಹಾಗಿರುವ ಪಿವಿಸಿ ಸುರಿದು ಬಿಸಿ ಮಾಡುತ್ತಾರೆ. ಅಚ್ಚಿನ ಗೋಡೆಗೆ ತಾಗಿದಷ್ಟು ಮೊದಲು ಗಟ್ಟಿಯಾಗುತ್ತದೆ, ಹಾಲಿನ ಪಾತ್ರೆಯ ಅಂಚಿಗೆ ಕೆನೆ ಹಿಡಿದ ಹಾಗೆ. ನಡುವೆ ಉಳಿದ ದ್ರವವನ್ನು ವಾಪಸ್ ಬಗ್ಗಿಸಿಬಿಡುತ್ತಾರೆ. ಮತ್ತೆ ಬಿಸಿ ಮಾಡಿ, ಬಿಸಿ ಇರುವಾಗಲೇ ಇಕ್ಕಳದಲ್ಲಿ ಹಿಡಿದು ಒಂದೇ ತೂತಿನಿಂದ ಎಳೆದು ತೆಗೆಯುತ್ತಾರೆ. ಬಿಸಿಗೆ ಮೆತ್ತಗಿರುವುದರಿಂದ ಹೊಟ್ಟೆ ದಪ್ಪ ಇದ್ದರೂ ಸಣ್ಣ ಬಾಯಿಂದ ಈಚೆ ಬರುತ್ತದೆ. ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ ಅಂಡರ್‌ಕಟ್ ಇದ್ದರೂ ತೊಂದರೆ ಇಲ್ಲ. ಹಲ್ಲಿನ ಅಳತೆ ತೆಗೆಯುವ ರಬ್ಬರಿನಂಥ ಆಲ್ಜಿನೇಟ್ ಬಾಯಿಂದ ಕಿತ್ತು ಬರುವುದೂ ಹೀಗೇ.

ಆದರೆ ಕೆನೆ ಎಲ್ಲ ಕಡೆ ಒಂದೇ ದಪ್ಪ ಕೂರುವುದಿಲ್ಲ. ದೀಪದ ಮುಂದೆ ಹಿಡಿದು ನೋಡಿದರೆ ಕೆಲವು ಕಡೆ ಬೆಳಕು ಜಾಸ್ತಿ ಬರುತ್ತದೆ. ಅಲ್ಲಿ ಗೋಡೆ ತೆಳು. ನನ್ನ ಡೈನೋಸಾರಿಗೆ ಒಂದು ಕಾಲಿನ ಹರಡಿನ ಹತ್ತಿರವೇ ತೆಳು ಇತ್ತು. ಅದನ್ನು ಮೊದಲೇ ನೋಡಿಕೊಂಡಿದ್ದರೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ.

ಪಿವಿಸಿ ಅಂದರೆ ನಮ್ಮ ತೋಟದ ಪೈಪೇ. ಅದಕ್ಕೆ ಮೆತ್ತಗೆ ಮಾಡುವ ಎಣ್ಣೆಯಂಥ ವಸ್ತು ಬೆರೆಸಿದರೆ ರೈನ್‌ಕೋಟೂ ಆಗುತ್ತದೆ, ಇಂಥ ಗೊಂಬೆಯೂ ಆಗುತ್ತದೆ. ಅಡಿಕೆ ತೋಟ ಇರುವವರಿಗೆಲ್ಲ ಗೊತ್ತು, ಪೈಪಿಗೆ ಪೈಪ್ ಸೇರಿಸಬೇಕಾದರೆ ಸೋಗೆಗೆ ಬೆಂಕಿ ಹಚ್ಚಿ ಒಂದು ಬಾಯಿ ಕಾಯಿಸಿ ಅಗಲ ಮಾಡುತ್ತೇವೆ. ಗೊಂಬೆಗೂ ಅದೇ ಸೂತ್ರ, ಆದರೆ ಬೆಂಕಿ ಖಂಡಿತ ಬೇಡ. ಸುಟ್ಟ ಪಿವಿಸಿಯ ಹೊಗೆ ಗಂಟಲು ಹಿಡಿಯುತ್ತದೆ, ಆಮ್ಲದ ಹೊಗೆ ಅದು. ಬಿಸಿನೀರು ಸಾಕು. ನಮ್ಮ ಮನೆ ಗಾಜನೂರಿನ ಕಡೆ, ಬಚ್ಚಲಲ್ಲಿ ಇನ್ನೂ ಹಂಡೆ ಇದೆ. ಒಂದು ಭಾನುವಾರ ಬೆಳಿಗ್ಗೆ ಹಂಡೆಯಿಂದ ಕುದಿಯುವ ನೀರು ಬಕೆಟ್ಟಿಗೆ ಬಗ್ಗಿಸಿ ಬಾಲ, ಕಾಲು, ದವಡೆ ಎಲ್ಲ ಅದರಲ್ಲಿ ಮುಳುಗಿಸಿ ಇಟ್ಟೆ. ನನ್ನ ಹೆಂಡತಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತು "ರೀ, ಮೊದಲು ಮನುಷ್ಯರ ಸ್ನಾನ ಆಗ್ಲಿ" ಅಂದಳು.

ಬಿಸಿನೀರಿಗೆ ಹಾಕುವ ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೇ ಟೂತ್‌ಬ್ರಷ್ಷಿನಿಂದ ಒಳಗೂ ಹೊರಗೂ ಉಜ್ಜಬೇಕು. ಅಚ್ಚಿನ ಜಿಡ್ಡು ಉಳಿದರೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಕೂರುವುದಿಲ್ಲ. ಪ್ರತಿ ತುಂಡಿನ ಬಾಯಿಗೆ ಅಚ್ಚಿನಿಂದ ಉಳಿದ ಹೆಚ್ಚುವರಿ ಅಂಚು ಇರುತ್ತದೆ. ಅದನ್ನು ತುಂಡು ಬಿಸಿ ಇರುವಾಗಲೇ ಹರಿತದ ಬ್ಲೇಡಿನಿಂದ ಕೊಯ್ಯಬೇಕು. ತಣ್ಣಗಿದ್ದರೆ ಬ್ಲೇಡ್ ಜಾರಿ ಬೆರಳಿಗೆ ಬರುತ್ತದೆ. ಮಕ್ಕಳೂ ಮಾಡಬಹುದು ಅಂತ ನಿಮ್ಮ ಬರಹದಲ್ಲಿ ಇತ್ತು. ಕುದಿಯುವ ನೀರು, ಬ್ಲೇಡು, ಕ್ಷಣದಲ್ಲಿ ಚರ್ಮಕ್ಕೆ ಹಿಡಿಯುವ ಅಂಟು ಮೂರೂ ಇರುವ ಕೆಲಸ ಅದು. ಮಕ್ಕಳು ಬಣ್ಣ ಬಳಿಯಲಿ, ಸಾಕು. ಇನ್ನೊಂದು, ಕಾಲಿನ ಬಾಯಿಯ ಸುತ್ತ ಕಾಲರಿನ ಹಾಗೆ ಒಂದು ಅಂಚು ಇರುತ್ತದೆ, ಅದು ಸೊಂಟದ ತೂತಿನೊಳಗೆ ಕಚ್ಚಿ ಕೂರಬೇಕು. ಹೆಚ್ಚುವರಿ ಅಂತ ಅದನ್ನೂ ಕೊಯ್ದುಬಿಟ್ಟರೆ ಕೀಲೇ ಹೋಯಿತು.

ಇನ್ನು ಪ್ಲಾಸ್ಟರಿನ ವಿಷಯ. ಎಲ್ಲ ತುಂಡು ಸೇರಿಸಿ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ, 350 ಗ್ರಾಂ. ತಳದಲ್ಲಿ ಹಲಗೆ ಇಲ್ಲದೆ ಹಾಗೇ ನಿಲ್ಲಿಸಿದರೆ ಮೂತಿ ಮುಂದೆ ಬಾಗುತ್ತಿತ್ತು. ಸರಿ, ಭಾರ ತುಂಬೋಣ ಅಂತ ಜೂನ್ ಮೊದಲ ವಾರ 600 ಗ್ರಾಂ ಪ್ಲಾಸ್ಟರ್ ಕಲಸಿ ಕುತ್ತಿಗೆಯ ತೂತಿನಿಂದ ಕಾಲು, ಹೊಟ್ಟೆ, ಬಾಲ ಎಲ್ಲದಕ್ಕೂ ಸುರಿದೆ. ಆಮೇಲೆ ತಲೆ ಕೂರಿಸಿ ಅಂಟು ಹಾಕಿ ಮುಚ್ಚಿದೆ. ಮುಚ್ಚಿದ್ದೇ ಮೊದಲ ತಪ್ಪು.

ನಮ್ಮ ಕೆಲಸದಲ್ಲಿ 100 ಗ್ರಾಂ ಸಾದಾ ಪ್ಲಾಸ್ಟರಿಗೆ ಸುಮಾರು 50 ಎಂಎಲ್ ನೀರು ಹಾಕುತ್ತೇವೆ. ಕಲಸಲು ಅಷ್ಟು ಬೇಕು. ಆದರೆ ಪ್ಲಾಸ್ಟರ್ ಗಟ್ಟಿಯಾಗಲು ಕುಡಿಯುವ ನೀರು 100 ಗ್ರಾಮಿಗೆ 18-19 ಎಂಎಲ್ ಮಾತ್ರ. ಉಳಿದದ್ದು ಒಳಗೇ ಇರುತ್ತದೆ, ನಿಧಾನವಾಗಿ ಆವಿಯಾಗಿ ಹೋಗಬೇಕು. ನನ್ನ 600 ಗ್ರಾಮಿನ ಲೆಕ್ಕ ಹಾಕಿ. 300 ಎಂಎಲ್ ನೀರಿನಲ್ಲಿ 110 ಎಂಎಲ್ ಖರ್ಚು. ಇನ್ನು 190 ಎಂಎಲ್, ಹೆಚ್ಚುಕಡಿಮೆ ಒಂದು ಲೋಟ ನೀರು, ರೈನ್‌ಕೋಟಿನಂಥ ಚೀಲದೊಳಗೆ ಬಂದಿ. ಲ್ಯಾಬಿನ ಮಾಡೆಲ್ ಗಾಳಿಗೆ ತೆರೆದಿರುತ್ತದೆ, ಒಣಗುತ್ತದೆ. ಇದಕ್ಕೆ ದಾರಿಯೇ ಇರಲಿಲ್ಲ. ದಾರಿ ಇದ್ದಿದ್ದರೂ ಜೂನ್ ತಿಂಗಳಲ್ಲಿ, ತುಂಗೆಯ ದಂಡೆಯಲ್ಲಿ, ಗೋಡೆಯೇ ಬೆವರುವ ಮನೆಯಲ್ಲಿ ಒಣಗುವುದು ಎಲ್ಲಿಂದ? ನಮ್ಮಲ್ಲಿ ಆಷಾಢದಲ್ಲಿ ಒಗೆದ ಪಂಚೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತದೆ, ಒಲೆ ಮೇಲಿನ ಗಳಕ್ಕೆ ಹಾಕಿದರೆ ಹೊಗೆ ವಾಸನೆ.

ಹಸಿ ಪ್ಲಾಸ್ಟರಿಗೆ ಒಣಗಿದ ಪ್ಲಾಸ್ಟರಿನ ಅರ್ಧದಷ್ಟೂ ಶಕ್ತಿ ಇರುವುದಿಲ್ಲ. ಇದನ್ನು ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಪಾಠ ಮಾಡಿದ್ದೇನೆ, "ಒದ್ದೆ ಮಾಡೆಲಿಗೆ ಕೈ ಹಾಕಬೇಡ, ಹಲ್ಲು ಮುರಿಯುತ್ತೆ" ಅಂತ. ಮನೆಗೆ ಬಂದರೆ ಬುದ್ಧಿ ಲ್ಯಾಬಿನಲ್ಲೇ ಉಳಿದಿರುತ್ತದೆ ಅಂತ ಕಾಣುತ್ತೆ.

ಪ್ಲಾಸ್ಟರ್ ಗಟ್ಟಿಯಾಗುವಾಗ ಕಾವು ಬರುತ್ತದೆ ಅನ್ನುವುದೂ ನನಗೆ ಗೊತ್ತಿದ್ದ ವಿಷಯವೇ. ಒಂದು ಬಟ್ಟಲಿನಷ್ಟಾದರೆ ಕೈಗೆ ಹಿತವಾಗಿ ಬೆಚ್ಚಗಿರುತ್ತದೆ. 600 ಗ್ರಾಂ ಒಟ್ಟಿಗೆ ಸುರಿದರೆ ಕಾವು ಹೋಗಲು ಜಾಗವಿಲ್ಲ, ವಿನೈಲ್ ಮೆತ್ತಗಾಗುತ್ತದೆ. ಬಾಲದ ಬುಡ ಉಬ್ಬಿ, ಇಲಿ ನುಂಗಿದ ಹಾವಿನ ಹಾಗೆ ಆಯಿತು. ಅದನ್ನು ಈಗಲೂ ಸರಿ ಮಾಡಲು ಆಗಿಲ್ಲ.

ತುಂಬಿದ ಮೇಲೆ ತೂಕ 1 ಕಿಲೋ 250 ಗ್ರಾಂ. ಇಷ್ಟನ್ನೂ ಹೊತ್ತದ್ದು ಹೆಬ್ಬೆರಳಿನಷ್ಟು ದಪ್ಪದ ಎರಡು ಹರಡು. ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಚಿಕ್ಕವರಿದ್ದಾಗ ಪುಸ್ತಕದಲ್ಲಿ ನೋಡಿದ ಟಿ-ರೆಕ್ಸ್ ಬೆನ್ನು ನೆಟ್ಟಗೆ ಮಾಡಿ, ಬಾಲ ನೆಲಕ್ಕೆ ಊರಿ, ಮೂರು ಕಾಲಿನ ಸ್ಟೂಲಿನ ಹಾಗೆ ನಿಲ್ಲುತ್ತಿತ್ತು. ಆ ಪ್ರಾಣಿಗೆ 1905ರಲ್ಲಿ ಹೆಸರಿಟ್ಟ ಕಾಲದಿಂದಲೂ ಅದೇ ಭಂಗಿ. 1970ರ ನಂತರ ವಿಜ್ಞಾನಿಗಳ ಅಭಿಪ್ರಾಯ ಬದಲಾಯಿತು. ಬೆನ್ನು ನೆಲಕ್ಕೆ ಸಮ, ಬಾಲ ಗಾಳಿಯಲ್ಲಿ, ಸೊಂಟವೇ ತಕ್ಕಡಿಯ ಮುಳ್ಳು. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನವರೂ ತಮ್ಮ ಅಸ್ಥಿಪಂಜರವನ್ನು 1990ರ ದಶಕದಲ್ಲಿ ಬಿಚ್ಚಿ ಹೊಸ ಭಂಗಿಗೆ ಕೂರಿಸಿದರು. ವಿಜ್ಞಾನಕ್ಕೆ ಒಳ್ಳೆಯದೇ ಆಯಿತು. ಕಿಟ್ ಜೋಡಿಸುವವನಿಗೆ ಮೂರನೇ ಕಾಲು ಹೋಯಿತು.

ಮೆತ್ತನೆಯ ವಿನೈಲ್ ಒಂದೇ ದಿನ ಸೋಲುವುದಿಲ್ಲ. ಭಾರ ಹೊತ್ತುಕೊಂಡು ದಿನಾ ಕೂದಲೆಳೆಯಷ್ಟು ಬಾಗುತ್ತದೆ. ಜಗಲಿಯ ಗೂಡಿನಲ್ಲಿ ಇಟ್ಟಾಗ ಮೂತಿಗೂ ಪಕ್ಕದ ಗೋಡೆಗೂ ನಡುವೆ ಮೂರು ಬೆರಳು ಜಾಗ ಇತ್ತು. ಆರಿದ್ರಾ ಮಳೆ ಮುಗಿಯುವಾಗ ಎರಡು. ನಾನು ಗೂಡೇ ವಾಲಿದೆ ಅಂದುಕೊಂಡೆ. ಜುಲೈ ಕೊನೆಯಲ್ಲಿ ರಾತ್ರಿ ಧಡ್ ಅಂತ ಸದ್ದಾಯಿತು. "ಬೆಕ್ಕು ಬಂತು ನೋಡಿ" ಅಂದಳು ಹೆಂಡತಿ. ಬೆಕ್ಕಲ್ಲ. ಎಡಗಾಲು ಹರಡಿನ ಹತ್ತಿರ ಸೀಳಿ, ಮೂರು ಹಲ್ಲು ಮುರಿದು, ಪ್ರಾಣಿ ನೆಲದ ಮೇಲೆ.

ಮರುದಿನ ಸೊಂಟದ ಕೀಲು ಬಿಸಿ ಮಾಡಿ ಬಿಚ್ಚಿದೆ. ಸುರಿದು ಏಳು ವಾರ ಕಳೆದಿತ್ತು. ಒಳಗಿನ ಪ್ಲಾಸ್ಟರ್ ಉಗುರಿನಿಂದ ಕೆರೆದರೆ ಬರುತ್ತಿತ್ತು, ಹಸಿ ಗೋಡೆಯ ವಾಸನೆ. ಲ್ಯಾಬಿನ ಹಳೇ ಚಾಕು, ಕಾರ್ವರ್ ತಂದು ಮೂರು ಸಂಜೆ ಕೂತು ಎಲ್ಲ ತೋಡಿ ತೆಗೆದೆ.

ಎರಡನೇ ಸಲ ಏನು ಮಾಡಿದೆ ಅಂದರೆ, ಹೊಟ್ಟೆಗೆ, ಬಾಲಕ್ಕೆ, ತಲೆಗೆ ಏನೂ ಇಲ್ಲ. ಬರೀ ಕಾಲು. ಗಟ್ಟಿ ಬೇಕಾದದ್ದು ಅಲ್ಲಿ ಮಾತ್ರ. ಮೇಲೆ ಹಗುರ ಇದ್ದಷ್ಟೂ ಒಳ್ಳೆಯದು.

ಮೊದಲು ವಾಲಿದ ಕಾಲನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನೆಟ್ಟಗೆ ಹಿಡಿದು, ಹಾಗೇ ತಣ್ಣೀರಿಗೆ ಹಾಕಿದೆ. ತಣ್ಣಗಾದಾಗ ಹಿಡಿದ ಆಕಾರದಲ್ಲೇ ಉಳಿಯುತ್ತದೆ. ಸೀಳಿಗೆ ಒಳಗಿನಿಂದ ಎಂ-ಸೀಲ್ ಒತ್ತಿದೆ. ಆಮೇಲೆ ಪಾದದ ಅಡಿಗೆ ತೂತು ಕೊರೆದು ತೊಡೆಯವರೆಗೆ ತಂತಿ ಏರಿಸಿದೆ. ತಂತಿ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು, ಇಲ್ಲವೇ ಹಿತ್ತಾಳೆ. ಸಾದಾ ಕಬ್ಬಿಣದ ತಂತಿ ಪ್ಲಾಸ್ಟರಿನಲ್ಲಿ ತುಕ್ಕು ಹಿಡಿಯುತ್ತದೆ. ಸಿಮೆಂಟಿನೊಳಗೆ ಕಬ್ಬಿಣಕ್ಕೆ ಇರುವ ರಕ್ಷಣೆ ಪ್ಲಾಸ್ಟರಿನೊಳಗೆ ಇಲ್ಲ. ನಾನು ಹಲ್ಲಿಗೆ ಕ್ಲಿಪ್ ಮಾಡುವ ತಂತಿಯನ್ನೇ ನಾಲ್ಕೆಳೆ ಹೊಸೆದು ಹಾಕಿದೆ. ಅದು ಸಿಗದವರು ಸ್ಟೇನ್‌ಲೆಸ್ ಸ್ಟೀಲಿನ ಸೈಕಲ್ ಕಡ್ಡಿ ಹಾಕಬಹುದು. ಹೊಸೆದರೆ ಅಥವಾ ಉಜ್ಜಿ ಒರಟು ಮಾಡಿದರೆ ಹಿಡಿತ ಚೆನ್ನಾಗಿ ಬರುತ್ತದೆ. ನುಣ್ಣಗಿದ್ದರೆ ಕಡ್ಡಿ ಒಳಗೇ ತಿರುಗುತ್ತದೆ.

ಪಾದ ಮತ್ತು ಹರಡಿಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಸುರಿದೆ. ಅದರ ಮೇಲೆ ತೊಡೆಯವರೆಗೆ ಸಾದಾ ಪ್ಲಾಸ್ಟರ್ ಬದಲು ಡೆಂಟಲ್ ಸ್ಟೋನ್. ಅದೂ ಜಿಪ್ಸಮ್ಮಿನದೇ, ಆದರೆ 100 ಗ್ರಾಮಿಗೆ 30 ಎಂಎಲ್ ನೀರು ಸಾಕು. ನೀರು ಕಡಿಮೆಯಾದಷ್ಟೂ ಒಣಗಿದಾಗ ಗಟ್ಟಿ ಜಾಸ್ತಿ. ಹಲ್ಲಿನ ಡಾಕ್ಟರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ಕೊಡುತ್ತಾರೆ. ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಹಾಕಿದೆ. ಒಂದು ಕಂತಿನ ಕಾವು ಆರಿದ್ದು ಕೆನ್ನೆಗೆ ಒತ್ತಿ ನೋಡಿದ ಮೇಲೆ ಇನ್ನೊಂದು. ಗುಳ್ಳೆ ಉಳಿಯದ ಹಾಗೆ ಕಾಲನ್ನು ಮೇಜಿಗೆ ತಟ್ಟುತ್ತಾ ಸುರಿಯಬೇಕು. ಲ್ಯಾಬಿನಲ್ಲಿ ಅದಕ್ಕೆ ವೈಬ್ರೇಟರ್ ಇದೆ, ಮನೆಯಲ್ಲಿ ಮಿಕ್ಸಿಯ ಮೇಲೆ ಕೈ ಇಟ್ಟು ಪ್ರಯತ್ನ ಮಾಡಿದೆ. ಫಲಿತಾಂಶ ಬರೆಯುವುದು ಬೇಡ.

ಒಣಗಿತೋ ಇಲ್ಲವೋ ಅಂತ ಊಹೆ ಮಾಡಬೇಕಾಗಿಲ್ಲ. ಕಾಲನ್ನು ಸೊಂಟಕ್ಕೆ ಸೇರಿಸದೆ, ಬಾಯಿ ತೆರೆದಿಟ್ಟು, ಫ್ಯಾನಿನ ಕೆಳಗೆ ಇಡಿ. ದಿನಾ ತೂಗಿ. ನನ್ನ ಒಂದೊಂದು ಕಾಲಿಗೆ 130 ಗ್ರಾಂ ಸ್ಟೋನ್ ಹಿಡಿಯಿತು. ಮೊದಲ ದಿನ ಎಡಗಾಲು 214 ಗ್ರಾಂ. ಹನ್ನೆರಡನೇ ದಿನಕ್ಕೆ 199. ಹದಿನೈದನೇ ದಿನವೂ 199. ತೂಕ ಇಳಿಯುವುದು ನಿಂತಿತು ಅಂದರೆ ನೀರು ಹೋಯಿತು. ಆಗ ಸೇರಿಸಿ. ಬಿಸಿಲು ಚೆನ್ನಾಗಿರುವ ಮಾಘ, ಫಾಲ್ಗುಣದಲ್ಲಿ ಮಾಡಿದರೆ ಇನ್ನೂ ಬೇಗ. ನಾನು ದೀಪಾವಳಿ ಕಳೆದ ಮೇಲೆ ಮಾಡಿದೆ.

ಗಟ್ಟಿಯಾಗುವ ಮುಂಚೆ ಸ್ಟೋನ್ ಕಾಲಿನ ಬಾಯಿಂದ ಈಚೆ ಚೆಲ್ಲದಂತೆ ತೊಡೆಯ ಮೇಲೆ ಏನಾದರೂ ತುರುಕಬೇಕಲ್ಲ. ಥರ್ಮಾಕೋಲ್ ಹಾಕೋಣ ಅನ್ನಿಸುತ್ತದೆ, ಹಾಕಬೇಡಿ. ವಿನೈಲಿನಲ್ಲಿರುವ ಎಣ್ಣೆ ಅದನ್ನು ಕ್ರಮೇಣ ಕರಗಿಸಿ ಅಂಟಂಟು ಮಾಡುತ್ತದೆ. ಇದೇ ಕಾರಣಕ್ಕೆ ಗೊಂಬೆಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಡುವುದೂ ಒಳ್ಳೆಯದಲ್ಲ. ನಾನು ನಿಮ್ಮ ಪತ್ರಿಕೆಯನ್ನೇ ಉಂಡೆ ಮಾಡಿ ತುರುಕಿದೆ. ತಪ್ಪು ತಿಳಿಯಬೇಡಿ, ಓದಿ ಮುಗಿಸಿದ ಪುರವಣಿ ಅದು. ಸ್ಟೋನ್ ಗಟ್ಟಿಯಾದ ಮೇಲೆ ಎಳೆದು ತೆಗೆದೆ, ಒಳಗೆ ಬಿಟ್ಟರೆ ನಮ್ಮ ಹವೆಗೆ ಬೂಷ್ಟು ಬರುತ್ತದೆ.

ತಳಕ್ಕೆ ಹಲಸಿನ ಹಲಗೆ. ಪಾದದಿಂದ ಈಚೆ ಬಂದ ತಂತಿಯನ್ನು ಹಲಗೆಯ ತೂತಿನಲ್ಲಿ ಇಳಿಸಿ, ಅಡಿಯಲ್ಲಿ ಮಡಚಿ, ಎಪಾಕ್ಸಿ ಹಚ್ಚಿದೆ. ಸಾಗರ, ಸೊರಬದ ಗುಡಿಗಾರರ ಕೆತ್ತನೆ ಇರುವ ಪೀಠ ಆಗಬೇಕು ಅಂತ ಆಸೆ ಇತ್ತು. ಡೈನೋಸಾರಿಗೆ ಅದು ಸ್ವಲ್ಪ ಜಾಸ್ತಿ ಅಂತ ಬಿಟ್ಟೆ.

ಬಣ್ಣದ ಬಗ್ಗೆ ಮುಂದಿನ ಭಾನುವಾರ ಬರೆಯುತ್ತೇವೆ ಅಂತ ಹಾಕಿದ್ದೀರಿ. ದಯವಿಟ್ಟು ಎನಾಮಲ್ ಪೇಂಟ್ ಅಂತ ಬರೆಯಬೇಡಿ. ನಾನು ಮೊದಲ ಸಲ ಎನಾಮಲ್ ಬಳಿದಿದ್ದೆ. ಎರಡು ತಿಂಗಳಾದರೂ ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು. ಮಳೆಗೆ ಒಣಗಿಲ್ಲ ಅಂತ ಸುಮ್ನಿದ್ದೆ. ಮಳೆಯ ತಪ್ಪಲ್ಲ, ವಿನೈಲಿನ ಅದೇ ಎಣ್ಣೆ ಬಣ್ಣದೊಳಗೆ ಇಳಿದು ಒಣಗಲು ಬಿಡುವುದಿಲ್ಲ. ಅಕ್ರಿಲಿಕ್ ಬಣ್ಣ ತೆಳುವಾಗಿ ಎರಡು ಮೂರು ಸಲ ಹೊಡೆದರೆ ಚೆನ್ನಾಗಿ ಕೂರುತ್ತದೆ. ಹಲ್ಲಿಗೆ ಮಾತ್ರ ಅಚ್ಚ ಬಿಳಿ ಬೇಡ. ಬದುಕಿರುವ ಯಾವ ಬಾಯಲ್ಲೂ ಸುಣ್ಣದ ಬಿಳಿ ಹಲ್ಲು ನಾನು ನೋಡಿಲ್ಲ. ಹಲ್ಲಿನ ಬಣ್ಣ ಹೊಂದಿಸುವ ನಮ್ಮ ಶೇಡ್ ಗೈಡಿನ ಎ3 ಮಾದರಿ ಹಿಡಿದು ಬಣ್ಣ ಬೆರೆಸಿದೆ, ಬುಡಕ್ಕೆ ಇನ್ನೂ ಸ್ವಲ್ಪ ಕಂದು. ಟಿ-ರೆಕ್ಸಿಗೆ ಸುಮಾರು 60 ಹಲ್ಲು. ದೊಡ್ಡವು ಬೇರು ಸೇರಿ ಒಂದಡಿ ಉದ್ದ, ಬಿದ್ದರೆ ಮತ್ತೆ ಹೊಸದು ಹುಟ್ಟುತ್ತಿತ್ತು. ಎಲ್ಲರಿಗೂ ಹಾಗಿದ್ದರೆ ನಾನು ಬೇರೆ ಕೆಲಸ ಹುಡುಕಬೇಕಿತ್ತು.

ತಂಗಿಯ ಮೊಮ್ಮಗ ರಜೆಗೆ ಬಂದಾಗ "ಅಜ್ಜ, ಆಗುಂಬೆ ಕಾಡಲ್ಲಿ ಅಗೆದರೆ ಇದರ ಮೂಳೆ ಸಿಗುತ್ತಾ?" ಅಂತ ಕೇಳಿದ. ಇಲ್ಲ ಮಾರಾಯ, ನಮ್ಮ ಕಡೆಯ ಬಂಡೆ ಡೈನೋಸಾರಿಗಿಂತ ಕೋಟಿಗಟ್ಟಲೆ ವರ್ಷ ಹಳೆಯದು, ನರ್ಮದಾ ನದಿ ಕಡೆ ಹೋಗಬೇಕು, ಅಲ್ಲಿ ಸಿಕ್ಕಿದ್ದಕ್ಕೆ 2003ರಲ್ಲಿ ರಾಜಾಸಾರಸ್ ಅಂತ ಹೆಸರಿಟ್ಟರು ಅಂದೆ. ಅವನಿಗೆ ಈಗ ಅದರ ಕಿಟ್ ಬೇಕಂತೆ. ಅವರಪ್ಪನ ಕಡೆ ಕೈ ತೋರಿಸಿದೆ.

ನಾನು ಕೇಳುವುದು ಇಷ್ಟೇ. ಮುಂದಿನ ಪುರವಣಿಯಲ್ಲಿ ಎರಡು ಸಾಲು ಹಾಕಿ: ಪ್ಲಾಸ್ಟರ್ ಕಾಲಿಗೆ ಮಾತ್ರ, ಅದೂ ಕಂತು ಕಂತಾಗಿ, ಒಣಗಿದ ಮೇಲೆಯೇ ಮುಚ್ಚಿ. ಪತ್ರ ದೊಡ್ಡದಾಯಿತು, ಕತ್ತರಿಸಬೇಕಾದರೆ ಮಿಕ್ಸಿಯ ಸಾಲು ಕತ್ತರಿಸಿ.

ಈಗ ಪ್ರಾಣಿ ಹೆಚ್ಚುಕಡಿಮೆ 700 ಗ್ರಾಂ ಇದೆ. ಅದೇ ಜಗಲಿಯ ಗೂಡಿನಲ್ಲಿ, ಮೂತಿಯ ನೇರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೀಟು ಎಳೆದು, ಸ್ಕೇಲಿನಲ್ಲಿ ಅಳೆದು ಬರೆದಿಟ್ಟಿದ್ದೇನೆ, 52 ಮಿಲಿಮೀಟರ್. ಈ ವರ್ಷದ ಮಳೆಗಾಲ ಪೂರ್ತಿ ಕಳೆಯಿತು. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಮತ್ತೆ ಅಳೆದೆ. 52.

ಇಂತಿ ನಿಮ್ಮ ಓದುಗ,
ಒಬ್ಬ ಡೆಂಟಲ್ ಲ್ಯಾಬ್ ಟೆಕ್ನಿಷಿಯನ್,
ಗಾಜನೂರು, ಶಿವಮೊಗ್ಗ ತಾಲ್ಲೂಕು